ಹಳೆ ಮಿಲಿಟರಿ ಜೀಪಿಗೆ ಬಣ್ಣ ಹೊಡೆಸುವ ಮುನ್ನ

ಅಜ್ಜ ಹರಾಜಿನಲ್ಲಿ ಹಿಡಿದು ತಂದ ಮಿಲಿಟರಿ ಜೀಪು ಹಿತ್ತಲ ಹುಣಸೆ ಮರದ ಕೆಳಗೆ ಇಪ್ಪತ್ತು ಮಳೆಗಾಲ ಕಂಡಿರುತ್ತದೆ. ಮನೆಯ ಹುಡುಗರು ದೊಡ್ಡವರಾಗಿ ಕೈಗೆ ನಾಲ್ಕು ಕಾಸು ಬಂದ ಮೇಲೆ ಅದನ್ನು ಮತ್ತೆ ಓಡಿಸಬೇಕು ಎನಿಸುತ್ತದೆ. ಎಳೆಸಿಕೊಂಡು ಹೋಗಿ ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಬಿಟ್ಟರೆ ಮೇಸ್ತ್ರಿ ಒಂದೇ ಮಾತಿನಲ್ಲಿ ಧೈರ್ಯ ಕೊಡುತ್ತಾನೆ: “ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ಪೂರಾ ಬಿಚ್ಚಿ, ತುಕ್ಕು ತಗದು, ಮಿಲಿಟರಿ ಹಸರ ಬಣ್ಣಾ ಹೊಡದು, ಬಾನೆಟ್ ಮ್ಯಾಲ ಬಿಳೀ ಚುಕ್ಕಿ ಬಿಡಿಸಿ ಕೊಡ್ತೀನಿ.”

ಎರಡು ತಿಂಗಳಿಗೆ ಜೀಪು ಮಿರಮಿರ ಮಿಂಚುತ್ತ ಮನೆಗೆ ಬರುತ್ತದೆ. ಮುಂಬೈಯಲ್ಲಿ ತಯಾರಾದ ಮಹೀಂದ್ರಾ ಗಾಡಿಯ ಮೇಲೆ ಎರಡನೆಯ ಮಹಾಯುದ್ಧದ ಅಮೆರಿಕನ್ ನಕ್ಷತ್ರ ಕೂತಿರುತ್ತದೆ. ಒಳಗೆ ಡೀಸೆಲ್ ಎಂಜಿನ್, ಸೀಟಿಗೆ ರೆಕ್ಸಿನ್, ಬಂಪರಿನ ಮೇಲೆ ಯಾವುದೋ ಸಿನಿಮಾದಲ್ಲಿ ನೋಡಿದ ನಂಬರು. ಇಷ್ಟರ ಮೇಲೆ ಆ ಹಸಿರು ಬಣ್ಣವನ್ನು ರಸ್ತೆಗೆ ತರುವಂತೆಯೂ ಇಲ್ಲ ಎಂಬುದು ಆರ್‌ಟಿಒ ಕಚೇರಿಗೆ ಹೋದಾಗಲೇ ಗೊತ್ತಾಗುತ್ತದೆ.

ನನ್ನ ಮೊದಲ ಜೀಪಿನ ವಿಷಯದಲ್ಲಿ ನಾನು ಮಾಡಿದ್ದು ಇದಕ್ಕಿಂತ ದೊಡ್ಡ ತಪ್ಪು. ತುಕ್ಕು ಹೋಗಲಿ ಎಂದು ಇಡೀ ಬಾಡಿಯನ್ನು ಸ್ಯಾಂಡ್‌ಬ್ಲಾಸ್ಟಿಂಗಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬೆಳ್ಳಗೆ ಹೊಳೆಯುವ ತಗಡು. ಬಾನೆಟ್ಟಿನ ಪಕ್ಕದಲ್ಲಿ ಮಸುಕಾಗಿ ಏನೋ ಅಂಕಿಗಳಿದ್ದ ನೆನಪು, ಫೋಟೋ ತೆಗೆದಿರಲಿಲ್ಲ. ಆ ಗಾಡಿ ಸೇನೆಯಲ್ಲಿ ಎಲ್ಲಿತ್ತು, ಯಾವ ಘಟಕದ್ದು ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ಒಂದು ಮಧ್ಯಾಹ್ನದಲ್ಲಿ ನಾನೇ ಅಳಿಸಿಹಾಕಿದ್ದೆ. ಆ ನೋವು ಇನ್ನೂ ಇದೆ. ಈ ಲೇಖನ ಬರೆಯಲು ಕಾರಣವೂ ಅದೇ.

ಮೊದಲು ಒಂದು ದಿನಾಂಕ ಗೊತ್ತುಮಾಡಿ

ಒಂದು ಸೇನಾ ವಾಹನಕ್ಕೆ ಕನಿಷ್ಠ ಎರಡು ಜನ್ಮ ಇರುತ್ತದೆ. 1941ರಿಂದ 1945ರ ನಡುವೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಅವುಗಳಲ್ಲಿ ಭಾರತಕ್ಕೆ ಬಂದವು ಸ್ವಾತಂತ್ರ್ಯದ ನಂತರವೂ ನಮ್ಮ ಸೇನೆಯಲ್ಲಿ ದುಡಿದವು. ಆಮೇಲೆ ಹರಾಜಾಗಿ ರೈತರ, ಗುತ್ತಿಗೆದಾರರ, ವೈದ್ಯರ ಮನೆ ಸೇರಿದವು. ಒಂದೊಂದು ಘಟ್ಟದಲ್ಲೂ ಬಣ್ಣ ಬದಲಾಗಿದೆ, ದೀಪ ಬದಲಾಗಿದೆ, ಟಾಪು ಬದಲಾಗಿದೆ. ಒಂದು ಕಾಲದ ಗ್ರಿಲ್ಲು, ಇನ್ನೊಂದು ಕಾಲದ ನಂಬರು, ಮತ್ತೊಂದು ದೇಶದ ಗುರುತು ಎಂದು ಚಂದ ಕಂಡದ್ದನ್ನೆಲ್ಲ ಕೂಡಿಸಿದರೆ, ಭೂಮಿಯ ಮೇಲೆ ಯಾವ ದಿನವೂ ಇರದಿದ್ದ ಒಂದು ಜೀಪು ತಯಾರಾಗುತ್ತದೆ.

ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮುನ್ನ ಒಂದು ಕಾಲ, ಒಂದು ಜಾಗ ಗೊತ್ತುಮಾಡಿಕೊಳ್ಳಿ. ನಮ್ಮ ಭಾಗಕ್ಕೆ ಹತ್ತಿರದ ಉದಾಹರಣೆ 1961ರ ಡಿಸೆಂಬರ್. ಗೋವಾ ವಿಮೋಚನೆಗಾಗಿ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ 17ನೇ ಪದಾತಿ ಡಿವಿಷನ್ ಬೆಳಗಾವಿಯ ಸುತ್ತ ಜಮಾಯಿಸಿತ್ತು. ‘ನನ್ನ ಗಾಡಿ ಆ ವಾರ ಬೆಳಗಾವಿಯಲ್ಲಿ ನಿಂತಿದ್ದರೆ ಹೇಗಿರುತ್ತಿತ್ತು?’ ಎಂದು ಕೇಳಿಕೊಂಡರೆ ಎಷ್ಟೋ ಗೊಂದಲ ತಾನೇ ಬಗೆಹರಿಯುತ್ತದೆ. ಸೇನೆಯ ಜೋಂಗಾ ಗಾಡಿ ಆ ಚಿತ್ರದಲ್ಲಿ ಬರುವಂತಿಲ್ಲ, ಏಕೆಂದರೆ ಜಬಲ್ಪುರದಲ್ಲಿ ಅದರ ತಯಾರಿ ಶುರುವಾದದ್ದೇ 1969ರಲ್ಲಿ. ಜಿಪ್ಸಿ ಸೇನೆಗೆ ಬಂದದ್ದು 1990ರ ದಶಕದಲ್ಲಿ.

ದಿನಾಂಕ ಯುದ್ಧದ್ದೇ ಆಗಿರಬೇಕೆಂದಿಲ್ಲ. ಹರಾಜಿನಿಂದ ಮನೆಗೆ ಬಂದ ದಿನವೂ ಇತಿಹಾಸವೇ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದು ಬಣ್ಣದ ಮಾತು ಬಂದಾಗ ತಿಳಿಯುತ್ತದೆ.

ಹಂತ ಹಂತವಾಗಿ

1. ತೊಳೆಯುವ ಮುನ್ನ ಫೋಟೋ. ಮರದ ಕೆಳಗೆ ನಿಂತಿರುವಂತೆಯೇ, ಕಸಕಡ್ಡಿ ಸಮೇತ, ಎಲ್ಲ ಮಗ್ಗಲಿನಿಂದ ಫೋಟೋ ತೆಗೆಯಿರಿ. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಕ್ಲಿಪ್ಪು ಯಾವ ರಂಧ್ರದಲ್ಲಿದೆ, ಬೋಲ್ಟಿನ ತಲೆ ಯಾವ ಕಡೆಗಿದೆ, ಎಲ್ಲವೂ ಬರಲಿ. ಪಕ್ಕದಲ್ಲಿ ಒಂದು ಸ್ಕೇಲ್ ಪಟ್ಟಿ ಇಡಿ. ಕತ್ತಲಾದ ಮೇಲೆ ಇನ್ನೊಂದು ಸುತ್ತು: ಟಾರ್ಚನ್ನು ತಗಡಿಗೆ ತಾಗುವಷ್ಟು ಓರೆಯಾಗಿ ಹಿಡಿದು ಬಾನೆಟ್ಟಿನ ಪಕ್ಕ, ಬಂಪರು, ಹಿಂದಿನ ಪ್ಯಾನೆಲ್ಲುಗಳನ್ನು ನೋಡಿ. ಬ್ರಷ್ಷಿನಿಂದ ಬರೆದ ಅಂಕಿಗಳ ಮೇಲೆ ಎಷ್ಟೇ ಸಲ ಬಣ್ಣ ಹೊಡೆದಿದ್ದರೂ ಅವುಗಳ ಅಂಚು ಕೂದಲೆಳೆಯಷ್ಟು ಎತ್ತರದಲ್ಲಿ ಉಳಿದಿರುತ್ತದೆ. ನೇರ ಬೆಳಕಿನಲ್ಲಿ ಅದು ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾನು ಕಳೆದುಕೊಂಡದ್ದು ಈ ಅರ್ಧ ಗಂಟೆಯನ್ನೇ.

2. ಗಾಡಿ ಯಾವುದು ಎಂದು ಗುರುತಿಸಿ. ಹೆಚ್ಚಿನವರು ‘ಯುದ್ಧಕಾಲದ ವಿಲ್ಲಿಸ್’ ಎಂದು ಹೇಳುವ ಗಾಡಿ ನಿಜದಲ್ಲಿ ಮಹೀಂದ್ರಾ ಸಿಜೆ-3ಬಿ ಆಗಿರುತ್ತದೆ. ಬೇಸರ ಪಡುವ ಕಾರಣವಿಲ್ಲ. ನಮ್ಮ ದೇಶದ ಮಟ್ಟಿಗೆ ಅದರ ಕಥೆ ಇನ್ನೂ ದೊಡ್ಡದು. ಯುದ್ಧಕಾಲದ ಜೀಪಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ಸಿಜೆ ಗಾಡಿಗಳಲ್ಲಿ ಏಳು. (ಬಹಳ ಮೊದಲಿನ ವಿಲ್ಲಿಸ್‌ಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಗ್ರಿಲ್ಲು ಇತ್ತು.) ಯುದ್ಧಕಾಲದ್ದಕ್ಕೆ ಹಿಂಬದಿಯ ಬಾಗಿಲು ಇಲ್ಲ, ಪೆಟ್ರೋಲ್ ಟ್ಯಾಂಕಿನ ಬಾಯಿ ಚಾಲಕನ ಸೀಟಿನ ಕೆಳಗೆ, ಹೆಡ್‌ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಬೀಳುವಂತೆ ಕೀಲು. ಸಿಜೆ-3ಬಿಯ ಬಾನೆಟ್ ದೂರದಿಂದಲೇ ಎತ್ತರವಾಗಿ ಕಾಣುತ್ತದೆ. ಅದರ ಹರಿಕೇನ್ ಎಂಜಿನ್ನಿನಲ್ಲಿ ಒಳಸೇರುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿವೆ, ಹಾಗಾಗಿ ಎಂಜಿನ್ನೇ ಎತ್ತರ.

ವಿಲ್ಲಿಸ್ಸೋ ಫೋರ್ಡೋ ತಿಳಿಯಲು ರೇಡಿಯೇಟರಿನ ಕೆಳಗೆ ಬಗ್ಗಿ ಚಾಸಿಯ ಮುಂದಿನ ಅಡ್ಡಪಟ್ಟಿ ನೋಡಿ. ಗುಂಡಗಿನ ಪೈಪ್ ಇದ್ದರೆ ವಿಲ್ಲಿಸ್, ಬೋರಲು ಹಾಕಿದ ತೊಟ್ಟಿಯಂತಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟು, ಬಿಡಿಭಾಗಗಳ ಮೇಲೆಲ್ಲ ‘ಎಫ್’ ಅಕ್ಷರ ಒತ್ತುತ್ತಿತ್ತು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಸೇನೆಯ ವರ್ಕ್‌ಶಾಪಿನಲ್ಲಿ ಓವರ್‌ಹಾಲ್ ಆಗುವಾಗ ವಿಲ್ಲಿಸ್ ಭಾಗ ವಿಲ್ಲಿಸ್ಸಿಗೇ ಮರಳಲಿ ಎಂದು ಯಾರೂ ಕಾಯುತ್ತಿರಲಿಲ್ಲ. ಒಂದರದ್ದು ಇನ್ನೊಂದಕ್ಕೆ ಕೂರುತ್ತಿತ್ತು, ಕೂರಿಸುತ್ತಿದ್ದರು. ನಿಮ್ಮ ವಿಲ್ಲಿಸ್ ಚಾಸಿಯ ಮೇಲೆ ನಾಲ್ಕು ‘ಎಫ್’ ಬೋಲ್ಟು ಕಂಡರೆ ಅದು ದೋಷವಲ್ಲ, ಆ ಗಾಡಿ ನಮ್ಮ ನೆಲದಲ್ಲಿ ದುಡಿದದ್ದಕ್ಕೆ ಪುರಾವೆ. ಅವನ್ನು ಕಿತ್ತು ಅಮೆರಿಕದಿಂದ ‘ಶುದ್ಧ’ ವಿಲ್ಲಿಸ್ ಬೋಲ್ಟು ತರಿಸಿದರೆ, ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕೆ ಗಾಡಿ ಹತ್ತಿರವಾಗಬಹುದು. ಭಾರತದಲ್ಲಿ ಬಾಳಿದ ವರ್ಷಗಳು ಅಳಿಸಿಹೋಗುತ್ತವೆ.

3. ಬಣ್ಣದ ಪದರ ಬಿಡಿಸಿ. ಈ ಕೆಲಸದಲ್ಲಿ ಆತುರ ಬೇಡ. ಬಿಸಿಲು, ಮಳೆ ತಾಗದ ಜಾಗ ಆರಿಸಿಕೊಳ್ಳಿ: ಗ್ಲೋವ್‌ಬಾಕ್ಸಿನ ಒಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಕೆಳಗೆ, ಬ್ರಾಕೆಟ್ಟುಗಳ ಅಡಿಯಲ್ಲಿ. ಹಳೆ ಹತ್ತು ಪೈಸೆಯಷ್ಟು ಅಗಲದ ವೃತ್ತದಲ್ಲಿ 600ರ ವಾಟರ್ ಪೇಪರಿನಿಂದ ನೀರು ಹಚ್ಚಿ ಮೆಲ್ಲಗೆ ಉಜ್ಜಿ, ನಡುವೆ ಆಳವಾಗಿ, ಅಂಚಿಗೆ ತೆಳುವಾಗಿ. ಕೊನೆಗೆ 1500ರಲ್ಲಿ ನುಣುಪು ಮಾಡಿ. ಈರುಳ್ಳಿ ಕೊಯ್ದಂತೆ ಬಳೆ ಬಳೆಯಾಗಿ ಎಲ್ಲ ಬಣ್ಣಗಳೂ ಕಾಣುತ್ತವೆ. ಎಲ್ಲಕ್ಕಿಂತ ಒಳಗಿನದು ತಗಡಿಗೆ ತಾಗಿದ ಪ್ರೈಮರ್, ಹೊರಗಿನದು ನಿಮಗೆ ಗೊತ್ತಿರುವ ಬಣ್ಣ. ನಡುವೆ ಸಿಗುವ ಕೆಂಪು ಆಕ್ಸೈಡನ್ನು ಬಣ್ಣವೆಂದು ಎಣಿಸಬೇಡಿ, ಅದು ಮತ್ತೊಮ್ಮೆ ಹೊಡೆದ ಪ್ರೈಮರ್.

ಹೊರಮೈಯ ಬಣ್ಣ ನಂಬಿ ಡಬ್ಬಿ ಕಲಸಲು ಹೇಳಿದರೆ ಯಾಕೆ ತಪ್ಪಾಗುತ್ತದೆ ಎಂದರೆ, ಬಿಸಿಲಿಗೆ ಬಣ್ಣದ ಎಣ್ಣೆಯಂಶ ಸತ್ತು ಪುಡಿ ಮೇಲೆ ಕೂರುತ್ತದೆ, ಹಸಿರು ಬೂದಿಯ ಕಡೆಗೆ ಸರಿಯುತ್ತದೆ. ಒಳಗಿನ ಪದರಕ್ಕೆ ಒಂದು ಹನಿ ತೆಳು ಎಣ್ಣೆ ಸವರಿ ನೋಡಿ, ನಿಜವಾದ ಛಾಯೆ ಏಳುತ್ತದೆ. ಬೆಳಗಿನ ನೆರಳಿನ ಬೆಳಕಿನಲ್ಲಿ, ಐಎಸ್ 5 ಬಣ್ಣಪಟ್ಟಿಯನ್ನು (ಭಾರತೀಯ ಮಾನಕ ಬ್ಯೂರೋದ್ದು, ದೊಡ್ಡ ಪೇಂಟ್ ಅಂಗಡಿಯವರಿಗೆ ಗೊತ್ತಿರುತ್ತದೆ) ಪಕ್ಕದಲ್ಲಿಟ್ಟು ಹತ್ತಿರದ ಸಂಖ್ಯೆ ಬರೆದುಕೊಳ್ಳಿ. ಮೊಬೈಲ್ ಫೋಟೋ ನೋಡಿ ಬಣ್ಣ ಕಲಸಬೇಡಿ.

4. ಕಾಗದ ಹುಡುಕಿ. ಆರ್‌ಸಿ ಬುಕ್, ಹರಾಜಿನ ರಶೀದಿ, ಸೇನೆಯಿಂದ ಬಿಡುಗಡೆಯಾದ ಪತ್ರ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಬಾಂಬೆ ರಾಜ್ಯದಲ್ಲಿತ್ತು. ಅದಕ್ಕೆ ಮೊದಲು ನೋಂದಣಿಯಾದ ಗಾಡಿಯ ಕಾಗದಗಳು ಆ ರಾಜ್ಯದ ಹೆಸರಿನಲ್ಲೇ ಇರುತ್ತವೆ. ಅಜ್ಜನ ಟ್ರಂಕಿನಲ್ಲಿ ಹುಡುಕುವಾಗ ಕರ್ನಾಟಕದ ಮುದ್ರೆ ಇಲ್ಲವೆಂದು ಪಕ್ಕಕ್ಕೆ ಎಸೆಯಬೇಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆ ನಂಬರಿನ ಮೇಲೆ ಗ್ರೈಂಡರ್ ಆಡಿಸಲು ಯಾರಿಗೂ ಬಿಡಬೇಡಿ. ಒಮ್ಮೆ ಸವೆದರೆ ಇತಿಹಾಸವೂ ಹೋಯಿತು, ನೋಂದಣಿಯೂ ಹೋಯಿತು.

5. ಯಾವುದನ್ನು ಎಷ್ಟು ನಂಬಬೇಕು? ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಗಾಡಿಯ ಮೈಗೆ, ಎರಡನೆಯದು ಆ ಕಾಲದ ಫೋಟೋಗೆ, ಮೂರನೆಯದು ಕೈಪಿಡಿಗೆ. ಇನ್ನೊಬ್ಬರು ರಿಪೇರಿ ಮಾಡಿಸಿದ ಜೀಪಿಗೆ ಕೊನೆಯ ಸ್ಥಾನ, ಏಕೆಂದರೆ ಒಬ್ಬರ ತಪ್ಪು ನಾಲ್ವರಿಗೆ ಮಾದರಿಯಾಗುವುದು ಅಲ್ಲಿಂದಲೇ.

ಯುದ್ಧಕಾಲದ ಜೀಪಿಗೆ ಅಮೆರಿಕನ್ ಸೇನೆಯ ಟಿಎಂ 9-803 ಕೈಪಿಡಿ ಮತ್ತು ಜಿ-503 ಬಿಡಿಭಾಗಗಳ ಪಟ್ಟಿ ಸಿಗುತ್ತವೆ. ಆದರೆ ಅವು ಹೇಳುವುದು ಅಮೆರಿಕದ ಗಾಡಿಯ ಕಥೆ. ನಮ್ಮ ಸೇನೆಯಲ್ಲಿ ಆ ಗಾಡಿ ಹೇಗಿತ್ತು ಎಂಬುದಕ್ಕೆ ಫಿಲ್ಮ್ಸ್ ಡಿವಿಷನ್ನಿನ ಹಳೆ ವಾರ್ತಾಚಿತ್ರಗಳು, ‘ಸೈನಿಕ ಸಮಾಚಾರ’ದ ಹಳೆ ಸಂಚಿಕೆಗಳು ಹೆಚ್ಚು ಉಪಯುಕ್ತ. 1909ರಲ್ಲಿ ‘ಫೌಜಿ ಅಖ್ಬಾರ್’ ಎಂದು ಶುರುವಾದ ಈ ಪತ್ರಿಕೆಗೆ ಕನ್ನಡ ಆವೃತ್ತಿಯೂ ಇದೆ. ಯಾವುದೋ ಅಧಿಕಾರಿಯ ಭೇಟಿಯ ಚಿತ್ರದ ಮೂಲೆಯಲ್ಲಿ ನಿಂತ ಜೀಪನ್ನು ಭೂತಗನ್ನಡಿ ಹಿಡಿದು ನೋಡಿ: ಕನ್ನಡಿ ಎಲ್ಲಿದೆ, ಸ್ಪೇರ್ ಗಾಲಿ ಎಲ್ಲಿದೆ, ಬಂಪರಿನ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ. ಕಣ್ಣಾರೆ ನೋಡಬೇಕೆಂದರೆ ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಹೋಗಿ. ಅಲ್ಲಿರುವುದು ಟ್ಯಾಂಕುಗಳಾದರೂ, ಸೇನಾ ಬಣ್ಣ, ಗುರುತು, ಅಕ್ಷರದ ಅಳತೆ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗುತ್ತದೆ.

6. ಬಿಚ್ಚುವಾಗ ಚೀಟಿ ಕಟ್ಟಿ. ಪ್ರತಿ ಭಾಗಕ್ಕೂ ತಂತಿಯಿಂದ ಒಂದು ತಗಡಿನ ಚೀಟಿ: ಮೂಲದ್ದು, ಆ ಕಾಲದ್ದೇ ಆದರೂ ಬೇರೆ ಗಾಡಿಯದ್ದು, ಹೊಸತು. ಕಾಗದದ ಚೀಟಿ ಗ್ರೀಸಿನಲ್ಲಿ ನೆಂದು ಹಾಳಾಗುತ್ತದೆ. ಕೆಟ್ಟ ಮೂಲ ಭಾಗವನ್ನು ಗುಜರಿಗೆ ಹಾಕಬೇಡಿ. ಹೊಸದನ್ನು ಮಾಡಿಸಲು ಅದೇ ಅಚ್ಚು. ಜೊತೆಗೆ ಒಂದು ನೋಟುಬುಕ್ ಇರಲಿ, ಏನು ಬದಲಿಸಿದೆ, ಯಾಕೆ, ಯಾವ ದಿನ.

7. ಕೆಲಸ ಗೊತ್ತಿರುವವರ ಕೈಗೆ ಕೊಡಿ. ಈ ವಿಷಯದಲ್ಲಿ ಹುಬ್ಬಳ್ಳಿಯವರು ಪುಣ್ಯವಂತರು. ಜೀಪಿನ ಚಾಸಿಯ ಅಡ್ಡಪಟ್ಟಿಗಳು ರಿವೆಟ್ ಹೊಡೆದು ಕೂಡಿಸಿದವು. ಸಡಿಲಾದ ಕಡೆ ವೆಲ್ಡಿಂಗ್ ಎಳೆದುಬಿಡುವುದು ಸುಲಭ. ಆದರೆ ರಿವೆಟ್ ಕೀಲಿನಲ್ಲಿ ಚೂರು ಬಳುಕುವ ಗುಣವಿದೆ, ವೆಲ್ಡ್ ಆದ ಜಾಗ ಬಿಗಿದು ಅದರ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಕಾದ ರಿವೆಟ್ ಹೊಡೆಯಬಲ್ಲವರು ಬೇಕಾದರೆ 1880ರ ದಶಕದಿಂದ ನಡೆದುಬಂದ ನಮ್ಮ ರೈಲ್ವೆ ವರ್ಕ್‌ಶಾಪಿನ ನಿವೃತ್ತ ಫಿಟ್ಟರುಗಳನ್ನು ವಿಚಾರಿಸಿ.

ವಿಲ್ಲಿಸ್, ಫೋರ್ಡ್, ಸಿಜೆಗಳದ್ದು ಇಂಚಿನ ಮರೆ. ಜೋಂಗಾ ಮೂಲದಲ್ಲಿ ಜಪಾನಿನ ನಿಸಾನ್, ಮೆಟ್ರಿಕ್ ಮರೆ. ಅಂಗಡಿಯಲ್ಲಿ ಸಿಕ್ಕಿತೆಂದು ಜೀಪಿಗೆ ಮೆಟ್ರಿಕ್ ಬೋಲ್ಟು ತಿರುಗಿಸಿದರೆ ಎರಡು ಸುತ್ತು ಹೋಗಿ, ಮೂರನೆಯದಕ್ಕೆ ಮರೆ ಕೀಳುತ್ತದೆ. ಸೀಟು, ಟಾಪುಗಳಿಗೆ ರೆಕ್ಸಿನ್ ಬೇಡ, ದಪ್ಪ ಹತ್ತಿಯ ಕ್ಯಾನ್ವಾಸ್ ಬೇಕು. ಹಳೆ ಟಾಪಿನ ಚಿಂದಿಯನ್ನೇ ಮಾದರಿಯಾಗಿ ಒಯ್ದರೆ ಲಾರಿ ತಾಡಪತ್ರಿ ಹೊಲಿಯುವವರು ಹೊಲಿಗೆಯ ಸಾಲು ಎಣಿಸಿ ಹಾಗೇ ಹೊಲಿದುಕೊಡುತ್ತಾರೆ.

ಯುದ್ಧಕಾಲದ ಜೀಪಿನದು 6 ವೋಲ್ಟ್. ‘ಸ್ಟಾರ್ಟ್ ಆಗೂದಿಲ್ರೀ, 12 ಮಾಡ್ರಿ’ ಎನ್ನುವ ಸಲಹೆ ಬಂದೇ ಬರುತ್ತದೆ. ವೋಲ್ಟ್ ಅರ್ಧವಿದ್ದಾಗ ಅಷ್ಟೇ ಶಕ್ತಿಗೆ ಎರಡು ಪಟ್ಟು ಕರೆಂಟ್ ಹರಿಯಬೇಕು, ಅದಕ್ಕೆ ದಪ್ಪ ಕೇಬಲ್ ಬೇಕು. ಯಾರೋ ಹಿಂದೆ 12 ವೋಲ್ಟಿನ ತೆಳು ಕೇಬಲ್ ಹಾಕಿಬಿಟ್ಟಿರುತ್ತಾರೆ, ಸ್ಟಾರ್ಟರ್ ಮುಲುಗುತ್ತದೆ. ಮೊದಲು ದಪ್ಪ ತಾಮ್ರದ ಕೇಬಲ್ ಹಾಕಿ, ಅರ್ತಿಂಗ್ ಜಾಗ ಉಜ್ಜಿ ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ನಿಖರತೆಯನ್ನು ಬಿಟ್ಟುಕೊಡಲೇಬೇಕಾದ ಕಡೆ ಹಿಂಜರಿಯಬೇಡಿ. ಪೆಟ್ರೋಲಿಗೆ ಈಗ ಎಥನಾಲ್ ಬೆರೆತಿರುತ್ತದೆ, ಹಳೆ ರಬ್ಬರು ಅದರಲ್ಲಿ ಉಬ್ಬಿ ಬಿರಿಯುತ್ತದೆ. ಹೋಸ್, ಪಂಪಿನ ಡಯಾಫ್ರಮ್, ಬ್ರೇಕಿನ ರಬ್ಬರು ಎಲ್ಲ ಹೊಸತೇ ಇರಲಿ. ಕಣ್ಣಿಗೆ ಕಾಣುವುದಿಲ್ಲ, ನೋಟುಬುಕ್ಕಿನಲ್ಲಿ ಕಂಡರೆ ಸಾಕು.

8. ಬಣ್ಣದ ತೀರ್ಮಾನ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದಂತೆ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಸೇನೆಯ ಗಾಡಿಯಾಗಿತ್ತು ಎಂಬ ವಾದ ನಡೆಯುವುದಿಲ್ಲ. ಈಗ ಅದು ನಿಮ್ಮದು. ಇಲ್ಲೇ ಎಷ್ಟೋ ಜನ ಕೈಚೆಲ್ಲಿ ಮನಸ್ಸಿಗೆ ಬಂದ ಬಣ್ಣ ಹೊಡೆಸುತ್ತಾರೆ, ಇಲ್ಲವೇ ‘ಹಸಿರಿನ ಹತ್ತಿರದ’ ಬಣ್ಣ ಹೊಡೆಸಿ ಪೊಲೀಸರ ಜೊತೆ ಮಾತು ಬೆಳೆಸುತ್ತಾರೆ.

ನಾನು ಈಗ ಮಾಡುವುದು ಬೇರೆ. ಮೂರನೆಯ ಹಂತದಲ್ಲಿ ತೆರೆದ ಬಳೆಗಳನ್ನು ಮತ್ತೆ ನೋಡಿ. ಸೇನೆಯ ಹಸಿರಿನ ಮೇಲೆ ಕೂತ ಮೊದಲ ಪದರ ಯಾವುದು? ಬೂದಿ ಇರಬಹುದು, ನೀಲಿ ಇರಬಹುದು, ಕೆನೆ ಇರಬಹುದು. ಹರಾಜಿನಿಂದ ಬಂದ ಗಾಡಿಗೆ ನೋಂದಣಿಗೆ ಮುನ್ನ ಮನೆಯವರು ಹೊಡೆಸಿದ ಬಣ್ಣ ಅದು. ಅಜ್ಜ ಓಡಿಸಿದ್ದು ಆ ಬಣ್ಣದ ಜೀಪನ್ನೇ. ಆ ಬಣ್ಣ ಕಾನೂನಿಗೂ ಸರಿ, ಇತಿಹಾಸಕ್ಕೂ ಸರಿ. ನಿಮ್ಮ ದಿನಾಂಕವನ್ನು ಅಲ್ಲಿಗೆ ಸರಿಸಿ. ಒಳಗಿನ ಹಸಿರನ್ನು ಗ್ಲೋವ್‌ಬಾಕ್ಸಿನ ಒಳಗೆ ಅಂಗೈಯಗಲ ಹಾಗೇ ಬಿಡಿ, ಮೇಲೆ ತೆಳು ವಾರ್ನಿಶ್ ಎಳೆದು ಕಾಪಾಡಿ. ಸೇನೆಯ ರೂಪವೇ ಬೇಕೆಂದರೆ, ರಸ್ತೆಗಿಳಿಯದೆ ಸಂಗ್ರಹಾಲಯದಲ್ಲೋ ಶಾಲೆಯ ಅಂಗಳದಲ್ಲೋ ನಿಲ್ಲುವ ಗಾಡಿಗೆ ಅದನ್ನು ಮೀಸಲಿಡಿ, ಅದಕ್ಕೂ ಮೊದಲು ಆರ್‌ಟಿಒವನ್ನು ಕೇಳಿ.

ಹೊಡೆಯುವ ರೀತಿಯೂ ಮುಖ್ಯ. ಹಳೆ ಪದರದಲ್ಲಿ ಬ್ರಷ್ಷಿನ ಗೆರೆ ಕಂಡಿದ್ದರೆ ಕನ್ನಡಿಯಂತೆ ಹೊಳೆಯುವ ಸ್ಪ್ರೇ ಸುಳ್ಳಾಗುತ್ತದೆ. ಬಾಡಿಯ ಮೇಲೆ ಕಾರ್ಖಾನೆಯ ಕಾಲದ ಸ್ಪಾಟ್ ವೆಲ್ಡಿನ ಗುಳಿಗಳಿರುತ್ತವೆ. ಪುಟ್ಟಿ ತುಂಬಿ ಅವನ್ನು ಮುಚ್ಚಬೇಡಿ.

9. ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯದ್ದಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಎರಡು ಸಂಗತಿ ಗಮನಿಸಿ. ಲೆಕ್ಕ ಶುರುವಾಗುವುದು ತಯಾರಾದ ವರ್ಷದಿಂದಲ್ಲ, ಮೊದಲ ನೋಂದಣಿಯಿಂದ. ಸೇನೆಯಲ್ಲಿದ್ದು ತಡವಾಗಿ ಹರಾಜಾದ ಗಾಡಿಯ ಆರ್‌ಸಿ ದಿನಾಂಕವನ್ನು ಮೊದಲು ನೋಡಿ. ಇನ್ನೊಂದು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಬದಲಾವಣೆಯಾಗಿರಬಾರದು. ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಮೂಲ ಎಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ, ಜಾಮ್ ಆಗಿದ್ದರೂ ಸರಿ, ಮಾರಬೇಡಿ.

ಈ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸ್ಟಿಯರಿಂಗ್ ಎಡಕ್ಕಿರುವ ಜೀಪನ್ನು ಬಲಕ್ಕೆ ಬದಲಿಸಲೇಬೇಕೆಂದೇನೂ ಇಲ್ಲ. ಆದರೆ ಅಂಥ ಜೀಪಿಗೆ ಕೆಲಸ ಮಾಡುವ ಇಂಡಿಕೇಟರ್ ಇರಲೇಬೇಕು ಎನ್ನುತ್ತದೆ ಕಾನೂನು.

ಪದೇಪದೇ ಕಾಣುವ ತಪ್ಪುಗಳು

ಬಿಳಿ ಚುಕ್ಕಿ. ಯುದ್ಧಕಾಲದಲ್ಲಿ ಅಮೆರಿಕನ್ ಗಾಡಿಗಳ, ಆಮೇಲೆ ಮಿತ್ರಪಡೆಗಳ ಗುರುತು ಅದು. 1947ರ ನಂತರದ ಭಾರತೀಯ ಸೇನೆಯ ಗಾಡಿಗೂ ಮಹೀಂದ್ರಾಕ್ಕೂ ಅದರ ಸಂಬಂಧವಿಲ್ಲ.

ಬಾಣದ ನಂಬರು. ಸೇನೆಯ ಈಗಿನ ನಂಬರಿನಲ್ಲಿ ಮೇಲ್ಮುಖ ಬಾಣ, ಅದರ ನಂತರ ಗಾಡಿ ಪಡೆದ ವರ್ಷದ ಎರಡು ಅಂಕಿ ಇರುತ್ತವೆ. ಈ ಕ್ರಮ ನೋಡಿ 1961ರ ಗಾಡಿಗೆ ನಂಬರು ಹುಟ್ಟಿಸುವುದು ಎರಡು ಸಲ ತಪ್ಪು: ಕಾಲಕ್ಕೂ ಹೊಂದುವುದಿಲ್ಲ, ರಸ್ತೆಯಲ್ಲಿ ಸೇನೆಯ ವಾಹನವೆಂದು ನಂಬಿಸಿದಂತೆಯೂ ಆಗುತ್ತದೆ. ಘಟಕದ ಚಿಹ್ನೆ, ‘ಆರ್ಮಿ’ ಎಂಬ ಬರಹ, ಸಿಂಹಲಾಂಛನ ಯಾವುದೂ ಬೇಡ. ಸಾಕ್ಷಿಯಿದ್ದ ಗುರುತನ್ನು ಫೋಟೋ ತೆಗೆದು ಚೌಕಟ್ಟು ಹಾಕಿಸಿ ಪಕ್ಕದಲ್ಲಿಡಿ.

ಮರೆತುಹೋಗುವ ಸಣ್ಣ ಗುರುತುಗಳು. ಹಿಂದಿನ ಡಿಫರೆನ್ಷಿಯಲ್ ಗುಂಡಿನ ಮೇಲೆ ಬಿಳಿ ಬಣ್ಣ ಕಂಡರೆ ಅಳಿಸಬೇಡಿ. ರಾತ್ರಿ ಸಾಲಾಗಿ ಹೋಗುವಾಗ ಹೆಡ್‌ಲೈಟ್ ಆರಿಸಿ, ಕೆಳಗಿನ ಸಣ್ಣ ದೀಪದಿಂದ ಆ ಬಿಳಿಯನ್ನಷ್ಟೇ ಬೆಳಗಿಸುತ್ತಿದ್ದರು. ಹಿಂದಿನ ಚಾಲಕ ಅದನ್ನೇ ನೋಡಿ ಬರುತ್ತಿದ್ದ. ಗಾಲಿಯ ಮೇಲಿನ ಮಡ್‌ಗಾರ್ಡಿನಲ್ಲಿ ಗಾಳಿಯ ಒತ್ತಡ ಬರೆದಿದ್ದರೆ ಅದನ್ನೂ ಉಳಿಸಿ.

ಟೈರು. ಯುದ್ಧಕಾಲದ ಜೀಪಿನ ಅಳತೆ 6.00-16. ಅದೇ ಅಳತೆಯ ಟ್ರ್ಯಾಕ್ಟರ್ ಮುಂಗಾಲಿಯ ಟೈರು ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ, ಅಗ್ಗ ಬೇರೆ. ಹೊಲದ ನಿಧಾನದ ಓಟಕ್ಕೆ ಮಾಡಿದ ಟೈರನ್ನು ಡಾಂಬರು ರಸ್ತೆಯ ವೇಗಕ್ಕೆ ಹಾಕಬೇಡಿ. ಜೀಪಿಗೆಂದೇ ಇರುವುದನ್ನು ಕೇಳಿ.

ಧ್ವಜ. ರಾಷ್ಟ್ರಧ್ವಜ ಸಿದ್ಧವಾಗುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ, ಹಾಗಾಗಿ ಇದು ನಮಗೆ ಗೊತ್ತಿರಲೇಬೇಕು: ವಾಹನದ ಬಾನೆಟ್ಟಿಗೆ, ಟಾಪಿಗೆ, ಪಕ್ಕಕ್ಕೆ ಧ್ವಜ ಹೊದಿಸುವಂತಿಲ್ಲ. ವಾಹನದ ಮೇಲೆ ಧ್ವಜ ಹಾರಿಸುವ ಹಕ್ಕು ಧ್ವಜ ಸಂಹಿತೆ ಹೆಸರಿಸಿದ ಗಣ್ಯರಿಗೆ ಮಾತ್ರ.

ಎಚ್ಚರಿಕೆ

ಯುದ್ಧಕಾಲದ ಕೆಲವು ಜೀಪುಗಳ ಗಾಲಿ ಎರಡು ತಟ್ಟೆಗಳನ್ನು ಬೋಲ್ಟು ಹಾಕಿ ಕೂಡಿಸಿದ್ದು. ಟೈರಿನಲ್ಲಿ ಗಾಳಿ ಇರುವಾಗ ಆ ಬೋಲ್ಟು ಸಡಿಲಿಸಿದರೆ ತಟ್ಟೆ ಸಿಡಿದು ಜೀವ ಹೋಗಬಹುದು. ವಾಲ್ವಿನ ಪಿನ್ ತೆಗೆದು, ಗಾಳಿ ಪೂರ್ತಿ ಹೋದದ್ದನ್ನು ಖಾತ್ರಿ ಮಾಡಿಕೊಂಡೇ ಮುಟ್ಟಿ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ನೀವೇ ಪಕ್ಕದಲ್ಲಿ ನಿಂತು ಹೇಳಿ.

ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಒಣಗಿದ್ದನ್ನು ಉಜ್ಜಬೇಡಿ, ನೀರು ಹಚ್ಚಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಹಳೆ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಕಂಪ್ರೆಸರ್ ಗಾಳಿಯಿಂದ ಡ್ರಮ್ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕತ್ತಲಲ್ಲಿ ಹೊಳೆಯುವಂತೆ ಮಾಡಿದ ಯುದ್ಧಕಾಲದ ಮೀಟರುಗಳಿಗೆ ರೇಡಿಯಂ ಬಳಿದಿರುವ ಸಾಧ್ಯತೆ ಇದೆ. ಈಗ ಹೊಳೆಯದಿದ್ದರೂ ಗಾಜು ತೆಗೆದು ಮುಳ್ಳನ್ನು ಕೆರೆಯಬೇಡಿ. ಪೆಟ್ರೋಲ್ ಟ್ಯಾಂಕ್ ಹತ್ತು ವರ್ಷ ಖಾಲಿ ಬಿದ್ದಿದ್ದರೂ ಅದಕ್ಕೆ ನೇರವಾಗಿ ವೆಲ್ಡಿಂಗ್ ಹಿಡಿಯಬೇಡಿ. ಸೀಟಿನ ಕೆಳಗೋ ಪೆಟ್ಟಿಗೆಯೊಳಗೋ ಗುಂಡಿನಂಥ ವಸ್ತು ಸಿಕ್ಕರೆ ಕೈಹಚ್ಚದೆ ಪೊಲೀಸರಿಗೆ ತಿಳಿಸಿ.

ಯಾರನ್ನು ಕೇಳುವುದು

ಧಾರವಾಡ, ಬೆಳಗಾವಿ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ನಿವೃತ್ತ ಸೈನಿಕರಿದ್ದಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಸೇನೆಯಲ್ಲಿ ಚಾಲಕರಾಗಿ, ಇಎಂಇ ದಳದಲ್ಲಿ ಮೆಕ್ಯಾನಿಕ್ಕಾಗಿ ದುಡಿದವರು ಸಿಕ್ಕರೆ ಗಾಡಿಯನ್ನು ಬಿಚ್ಚುವ ಮುನ್ನವೇ ಮನೆಗೆ ಕರೆಯಿರಿ. ‘ಗಾಡಿ ಹ್ಯಾಂಗಿತ್ರೀ ಕಾಕಾ?’ ಎಂದು ಕೇಳಿದರೆ ‘ಭಾಳ ಚಲೋ ಇತ್ತಪಾ’ ಎಂದಷ್ಟೇ ಬರುತ್ತದೆ. ಕೈಗೆ ನೆನಪಿರುವುದನ್ನು ಕೇಳಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಏನೇನು ನೋಡುತ್ತಿದ್ದಿರಿ? ಜ್ಯಾಕ್ ಎಲ್ಲಿಡುತ್ತಿದ್ದಿರಿ, ಗುದ್ದಲಿ ಯಾವ ಕಡೆ ಕಟ್ಟುತ್ತಿದ್ದಿರಿ? ಮಳೆಗಾಲದಲ್ಲಿ ಟಾಪಿನ ಹಗ್ಗ ಎಲ್ಲಿಗೆ ಬಿಗಿಯುತ್ತಿದ್ದಿರಿ? ಬಣ್ಣ ವರ್ಷಕ್ಕೆ ಎಷ್ಟು ಸಲ, ಬ್ರಷ್ಷಿನಿಂದಲೋ ಸ್ಪ್ರೇಯಿಂದಲೋ, ನಂಬರು ಬರೆಯುತ್ತಿದ್ದವರು ಯಾರು?

ಅವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಕೇಳಿ. ಕೈ ತಾನಾಗಿ ಸ್ವಿಚ್ಚಿನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಈಗ ಸ್ವಿಚ್ಚು ಇಲ್ಲದೆ ಬರೀ ರಂಧ್ರವಿದ್ದರೆ, ಆ ರಂಧ್ರದ ಪಕ್ಕ ಒಂದು ಚೀಟಿ ಅಂಟಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟುಬುಕ್ಕಿಗೆ ಇಳಿಸಿ.